ಗಡಿ ದಾಟಿದ ಹಾಡು

1986ರಲ್ಲಿ ಧಾರವಾಡದಿಂದ ಪುಣೆಗೆ ವರ್ಗವಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಎರಡು ಕ್ಯಾಸೆಟ್ ಇದ್ದವು. ಒಂದು ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ', ಇನ್ನೊಂದು ಭೀಮಸೇನ ಜೋಶಿಯವರ ದಾಸವಾಣಿ.

ದಾಸವಾಣಿ ಹಾಕಿದ ದಿನ ಪಕ್ಕದ ಮನೆಯ ಕಾಕೂ ಓಡಿ ಬಂದರು. "ನಮ್ಮ ಪಂಡಿತಜಿ ಕನ್ನಡದಲ್ಲೂ ಹಾಡತಾರೇನು?" ಅಂತ ಮರಾಠಿಯಲ್ಲಿ ಕೇಳಿದರು. ಗದಗ ಸೀಮೆಯಲ್ಲಿ ಹುಟ್ಟಿದವರು ಇವರಿಗೆ ಹೇಗೆ 'ನಮ್ಮವರು' ಆದರು ಅಂತ ನನಗೆ ಸಿಟ್ಟೇ ಬಂತು.

ಲೆಕ್ಕ ಹಾಕಿದರೆ ಕಾಕೂ ಹೇಳಿದ್ದು ತಪ್ಪಲ್ಲ. ಅವರ ಗುರು, ಕುಂದಗೋಳದ ಸವಾಯಿ ಗಂಧರ್ವರು, ಹೆಸರು ಮಾಡಿದ್ದು ಮರಾಠಿ ರಂಗಭೂಮಿಯಲ್ಲಿ. ಗುರುವಿನ ನೆನಪಿಗೆ 1953ರಲ್ಲಿ ಉತ್ಸವ ಶುರುವಾದದ್ದು ಪುಣೆಯಲ್ಲಿ. ನಾಟಕದ ಪದ, ಆಮೇಲೆ ಅಭಂಗದ ರೆಕಾರ್ಡು, ರೇಡಿಯೊ, ಕ್ಯಾಸೆಟ್ಟು ಹೀಗೆ ದಶಕ ದಶಕಕ್ಕೂ ನಮ್ಮ ಕಡೆಯ ದನಿ ಇಲ್ಲಿನ ಮನೆಮಾತಾಯಿತು. ನಾವೂ 1966ರ 'ಸಂಧ್ಯಾರಾಗ' ಸಿನಿಮಾದಲ್ಲಿ ಅವರನ್ನು ಕೇಳಿದೆವು, ನಿಜ. ಆದರೆ ಕನ್ನಡದ ಜನಪ್ರಿಯ ಗೀತೆ ಬೇರೆ ದಾರಿ ಹಿಡಿಯಿತು.

1978ರಲ್ಲಿ ಬಂದ 'ನಿತ್ಯೋತ್ಸವ' ಆ ದಾರಿಯ ದೊಡ್ಡ ಮೈಲಿಗಲ್ಲು. ಅದರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ ಮಾತಿನ ಹಿಂದೆ ನಡೆಯುತ್ತದೆ. ಕವಿತೆ ತಿಳಿಯದವರಿಗೆ ಅರ್ಧವೇ ರುಚಿ. ದಾಸವಾಣಿಯಲ್ಲಿ ಸ್ವರ ಮುಂದೆ, ಮಾತು ಹಿಂದೆ. ಒಂದೇ ಅಕ್ಷರದ ಮೇಲೆ ಅವರು ರಾಗವನ್ನೇ ಕಟ್ಟುತ್ತಾರೆ. ಅದಕ್ಕೇ ದಾಸವಾಣಿ ಗಡಿ ದಾಟಿತು, ಭಾವಗೀತೆ ದಾಟಲಿಲ್ಲ. ನಾನೂ ಬಹಳ ವರ್ಷ, ದಾಟಿದ್ದೇ ದೊಡ್ಡದು ಅಂದುಕೊಂಡಿದ್ದೆ.

ಹೋದ ಗಣೇಶೋತ್ಸವದಲ್ಲಿ ಏಳು ವರ್ಷದ ಮೊಮ್ಮಗ ನಮ್ಮ ಸೊಸೈಟಿಯಲ್ಲಿ 'ಭಾಗ್ಯದ ಲಕ್ಷ್ಮಿ ಬಾರಮ್ಮ' ಹಾಡಿದ. ತಾಳ ತಪ್ಪಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಎದೆಯುಬ್ಬಿಸಿ ಕೂತೆ. ಮನೆಗೆ ಬರುವಾಗ ಅವನು ಮರಾಠಿಯಲ್ಲಿ ಕೇಳಿದ: "ಅಜ್ಜಾ, 'ಬಾರಮ್ಮ' ಅಂದರೇನು?"

ದೋಷ ಹಾಡಿನದಲ್ಲ, ಹಾಡಿದವರದಂತೂ ಅಲ್ಲ. ಕ್ಯಾಸೆಟ್ ತಿರುಗುತ್ತಿದ್ದರೆ ಮನೆಯಲ್ಲಿ ಕನ್ನಡ ಇದೆ ಅಂತ ನಂಬಿ, ಮಕ್ಕಳ ಜೊತೆ ಮರಾಠಿ ಮಾತಾಡಿದ ನಮ್ಮದು. ದನಿ ಉಳಿಯಿತು, ಮಾತು ಹೋಯಿತು.

ಈಗ ಮೊಬೈಲಿನಲ್ಲಿ 'ನಿತ್ಯೋತ್ಸವ' ಹಾಕುತ್ತೇನೆ. ಸಾಲಿಗೊಮ್ಮೆ ನಿಲ್ಲಿಸಿ ಅವನಿಗೆ ಅರ್ಥ ಹೇಳುತ್ತೇನೆ. ಒಂದು ಹಾಡು ಮುಗಿಯಲು ವಾರ ಹಿಡಿಯುತ್ತದೆ. ಹಿಡಿಯಲಿ ಬಿಡಿ.