ಹಿತ್ತಿಲ ಬಾಗಿಲ ಅಗುಳಿ

ಬೆಳ್ತಂಗಡಿಯ ನನ್ನ ತವರುಮನೆಯ ಹಿತ್ತಿಲ ಬಾಗಿಲಿಗೆ ಮರದ ಅಗುಳಿಯೊಂದಿತ್ತು. ಅಡಿಕೆ ಸಲಾಕೆಯ ತೆಳುವಾದ ಸೀಳೊಂದನ್ನು ಹೊರಗಿನಿಂದ ಸಂದಿಗೆ ತೂರಿಸಿ ಎತ್ತಿದರೆ ಅದು ತೆರೆದುಕೊಳ್ಳುತ್ತದೆಂದು ಕಂಡುಕೊಂಡವರು ಪಕ್ಕದ ಮನೆಯ ಅಕ್ಕ. ಅದನ್ನವರು ಅಮ್ಮನೊಬ್ಬಳ ಕಿವಿಯಲ್ಲಿ ಹೇಳಿದರು. "ಇಲ್ಲಿಗೆ ಯಾರು ಬರುತ್ತಾರೆ ಮಾರಾಯ್ತಿ, ಕದಿಯಲಿಕ್ಕೆ ಇರುವುದು ಉಪ್ಪಿನಕಾಯಿ ಭರಣಿ ಮಾತ್ರ" ಎಂದು ಅಮ್ಮ ನಕ್ಕಳು. ತಿಂಗಳು ಕಳೆಯಿತು. ಒಂದು ದಿನ ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರ ಎದುರೇ ಅಕ್ಕ, "ನಿಮ್ಮ ಅಗುಳಿ ಇನ್ನೂ ಹಾಗೆಯೇ ಉಂಟಾ?" ಎಂದು ಕೇಳಿಬಿಟ್ಟರು. ಅಮ್ಮ ಎರಡು ವಾರ ಅವರೊಡನೆ ಮಾತು ಬಿಟ್ಟಳು. ಆದರೆ ಮರುದಿನವೇ ಆಚಾರಿಯನ್ನು ಕರೆಸಿ ಕಬ್ಬಿಣದ ಚಿಲಕ ಹೊಡೆಸಿದಳು.

ಈ ಹಳೆಯ ಕತೆ ನೆನಪಾದದ್ದು ಮೂಡುಬಿದಿರೆಯಲ್ಲಿ ಓದುತ್ತಿದ್ದ ತಂಗಿಯ ಮಗನಿಂದ. ರಜೆಗೆ ಬಂಟ್ವಾಳಕ್ಕೆ ಬಂದವನು ಕಂಪ್ಯೂಟರ್ ಆಟದಲ್ಲೇ ಮುಳುಗಿದ್ದಾನೆಂದು ನಾನು ಗದರಿದೆ. ಅವನು ಆಟ ನಿಲ್ಲಿಸಿ, ಆಟಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದನ್ನು ಹೇಳಿದ.

ಕಂಪ್ಯೂಟರ್ ಆಟಗಳನ್ನು ಕೊಂಡು, ಇಳಿಸಿ, ಶುರುಮಾಡಿಕೊಡುವ ತಂತ್ರಾಂಶಕ್ಕೆ ಲಾಂಚರ್ ಎನ್ನುತ್ತಾರಂತೆ. ವಾಲ್ವ್ ಎಂಬ ಅಮೆರಿಕದ ಕಂಪನಿಯ 'ಸ್ಟೀಮ್' ಇವುಗಳಲ್ಲಿ ಬಹಳ ದೊಡ್ಡದು. ಅದರ ಒಂದು ಭಾಗ ಮನೆಯ ಎಲ್ಲ ಬೀಗದ ಕೈಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ ಆಳಿನ ಹಾಗೆ. ಪಟ್ಟಿಯಲ್ಲಿ ಬರೆದ ಕೋಣೆಗಳನ್ನೆಲ್ಲ ಅದು ಕೇಳದೆ ತೆರೆದುಕೊಡುತ್ತಿತ್ತು. ಆ ಪಟ್ಟಿಗೆ ಯಾರಾದರೂ ಖಜಾನೆಯ ದಾರಿ ತೋರಿಸುವ ಚೀಟಿ ಅಂಟಿಸಿದರೆ ಅದನ್ನೂ ತೆರೆಯುತ್ತಿತ್ತು. 2019ರಲ್ಲಿ ವಾಸಿಲಿ ಕ್ರಾವೆಟ್ಸ್ ಎಂಬ ರಷ್ಯದ ಸಂಶೋಧಕ ಇದನ್ನು ನಿಯಮದಂತೆ ತಿಳಿಸಿದ. ಬಂದ ಉತ್ತರ, "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ." ಪ್ರಕಟಿಸಬೇಡ ಎಂಬ ಸೂಚನೆಯೂ ಬಂತು. 45 ದಿನ ಕಾದು ಅವನು ಆಗಸ್ಟಿನಲ್ಲಿ ಪ್ರಕಟಿಸಿದ. ಕಂಪನಿ ಅವನನ್ನು ತನ್ನ ಬಹುಮಾನ ಯೋಜನೆಯಿಂದಲೇ ಹೊರಹಾಕಿತು. ಹೇಳಲು ಬಾಗಿಲಿಲ್ಲದ ಅವನು ಎರಡನೆಯ ದೋಷವನ್ನು ನೇರವಾಗಿ ಲೋಕಕ್ಕೇ ಹೇಳಿದ. ಆಮೇಲೆ ವಾಲ್ವ್ ತನ್ನದು ತಪ್ಪಾಯಿತೆಂದು ಒಪ್ಪಿ ನಿಯಮ ತಿದ್ದಿತು. ನನ್ನ ಅಮ್ಮನೇ ಕಂಪನಿ ನಡೆಸಿದ ಹಾಗೆ!

ಆದರೆ ಹೇಳುವವರೆಲ್ಲ ಸಾಧುಗಳೆಂದೂ ತಿಳಿಯಬೇಕಿಲ್ಲ. 2018ರಲ್ಲಿ ಎಪಿಕ್ ಕಂಪನಿ 'ಫೋರ್ಟ್‌ನೈಟ್' ಆಟವನ್ನು ಗೂಗಲ್ಲಿನ ಅಂಗಡಿಯಲ್ಲಿಡದೆ ತನ್ನದೇ ಲಾಂಚರಿನಿಂದ ಆಂಡ್ರಾಯ್ಡ್ ಫೋನುಗಳಿಗೆ ಕೊಟ್ಟಿತು. ಇಳಿಸಿದ ಕಟ್ಟನ್ನು ಅದು ಎಲ್ಲರೂ ಓಡಾಡುವ ಜಗಲಿಯಲ್ಲಿಡುತ್ತಿತ್ತು; ಒಳಗೆ ಒಯ್ಯುವಷ್ಟರಲ್ಲಿ ಬೇರೆ ಆ್ಯಪ್ ಅದನ್ನು ಬದಲಾಯಿಸಬಹುದಿತ್ತು. ಇದನ್ನು ಕಂಡು ತಿಳಿಸಿದ್ದು ಗೂಗಲ್. ಎಪಿಕ್ ಎರಡೇ ದಿನದಲ್ಲಿ ಸರಿಪಡಿಸಿ, ಬಳಕೆದಾರರ ಫೋನುಗಳಿಗೆ ಹೊಸದು ತಲುಪಲು 90 ದಿನ ಕೇಳಿತು. ಗೂಗಲ್ ಒಂದೇ ವಾರದಲ್ಲಿ ಪ್ರಕಟಿಸಿತು. ನಿಯಮದ ಪ್ರಕಾರ ಸರಿಯೇ. ಆದರೆ ತನ್ನ ಅಂಗಡಿಯನ್ನು ಬಿಟ್ಟು ಹೋದವನ ದೋಷವನ್ನು ಇಷ್ಟು ಅವಸರದಲ್ಲಿ ಸಾರಿದಾಗ, ಅದು ಊರಿನ ಹಿತವೋ ವ್ಯಾಪಾರವೋ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ.

"ಇದೆಲ್ಲ ದೂರದ ಕತೆ" ಎಂದೆ. "ಹತ್ತಿರದ್ದೂ ಉಂಟು ದೊಡ್ಡಮ್ಮ" ಎಂದು ತಲೆ ತಗ್ಗಿಸಿದ. ಒಂದು ಸಂಸ್ಥೆಯ ಶುಲ್ಕದ ಪುಟದಲ್ಲಿ ಅಂಕಿಯೊಂದನ್ನು ಬದಲಿಸಿದರೆ ಬೇರೆಯವರ ರಸೀದಿ ಕಾಣುತ್ತಿತ್ತು. ಹೆಣ್ಣುಮಕ್ಕಳ ವಿಳಾಸ, ಫೋನ್ ನಂಬರು ಸಮೇತ. ತನ್ನ ಅಂಕಿಯನ್ನು ತಪ್ಪಾಗಿ ಒತ್ತಿದಾಗ ಕಂಡದ್ದು. "ಹೇಳಲೋ ಬೇಡವೋ?"

ನಾನು ಕೊಟ್ಟ ಉತ್ತರಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. "ನಮಗೇಕೆ ಊರ ಉಸಾಬರಿ? ಓದು ಮುಗಿಸು" ಎಂದೆ.

ನನ್ನ ಹೆದರಿಕೆಗೆ ಆಧಾರವಿರಲಿಲ್ಲವೆಂದಲ್ಲ. 2015ರಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಏರ್‌ಟೆಲ್ ಮೂಲಕ ತಮ್ಮ ಜಾಲತಾಣ ತೆರೆದಾಗ ತಾವು ಬರೆಯದ ಸಂಕೇತ ಅದರಲ್ಲಿ ಸೇರಿದ್ದನ್ನು ಕಂಡು, ಸಾಕ್ಷಿ ಸಮೇತ ಪ್ರಕಟಿಸಿದರು. ಬಂದದ್ದು ಅಭಿನಂದನೆಯಲ್ಲ, ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಇಸ್ರೇಲಿನ ಕಂಪನಿಯ ವಕೀಲರ ನೋಟೀಸು. ನೋಟೀಸಿಗೂ ತನಗೂ ಸಂಬಂಧವಿಲ್ಲವೆಂದು ಏರ್‌ಟೆಲ್ ಹೇಳಿತು. ಇನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ. ಅಪ್ಪಣೆಯಿಲ್ಲದೆ ಬೇರೆಯವರ ಕಂಪ್ಯೂಟರ್ ಹೊಕ್ಕರೆ ಪರಿಹಾರ ತೆರಬೇಕೆನ್ನುತ್ತದೆ 43ನೇ ಕಲಮು. ಅಪ್ರಾಮಾಣಿಕವಾಗಿ ಹೊಕ್ಕರೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ 66ನೆಯದು. ಒಳ್ಳೆಯ ಮನಸ್ಸಿನಿಂದ ದೋಷ ಹುಡುಕಿದವರಿಗೆ ಪ್ರತ್ಯೇಕ ರಕ್ಷಣೆಯ ಮಾತು ಅಲ್ಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಟ್ಟಿಯಲ್ಲಿರುವ ಹುಡುಗಿಯರ ತಾಯಂದಿರಲ್ಲಿ ನಾನೂ ಒಬ್ಬಳಾಗಿದ್ದರೆ? ಬೆಳಿಗ್ಗೆ ಇಬ್ಬರೂ ಕುಳಿತು ಕಾಗದ ಬರೆದೆವು. ಏನು ಕಂಡಿತೆಂದು ಬರೆದೆವು. ಯಾರ ರಸೀದಿಯ ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ತಿಂಗಳೊಳಗೆ ಸರಿಯಾಗದಿದ್ದರೆ ಇಂಥ ದೋಷಗಳನ್ನು ವಿಚಾರಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸುವೆವೆಂದೂ ಸೇರಿಸಿದೆವು. ಉತ್ತರ ಬರಲಿಲ್ಲ. ಮೂರನೆಯ ವಾರ ಆ ಕಿಂಡಿ ಮಾತ್ರ ಸದ್ದಿಲ್ಲದೆ ಮುಚ್ಚಿತ್ತು.

ಮೊದಲು ಮನೆಯವರಿಗೆ ಹೇಳಬೇಕು. ದುರಸ್ತಿಗೆ ಸಮಯ ಕೊಡಬೇಕು. ಆ ಸಮಯಕ್ಕೆ ಕೊನೆಯೂ ಇರಬೇಕು. ನಮ್ಮಲ್ಲಿ ಮರ್ಯಾದೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೇ ಹೆಣ್ಣುಮಕ್ಕಳಿಗೆ ಕಲಿಸಿದ್ದೇವೆ. ಕಳ್ಳನಿಗೆ ಬೇಕಾದ್ದೂ ಅದೇ.

ಬಾವಿಕಟ್ಟೆಯ ಆ ಅಕ್ಕ ಈಗಿಲ್ಲ. ಅಮ್ಮ ಅವರಿಗೆ ಒಮ್ಮೆಯೂ ಉಪಕಾರವಾಯಿತೆಂದು ಹೇಳಿದ್ದನ್ನು ನಾನು ಕೇಳಿಲ್ಲ. ಚಿಲಕ ಮಾತ್ರ ಇನ್ನೂ ಗಟ್ಟಿಯಾಗಿದೆ.