ಬಡತನ ರೇಖೆ ಮತ್ತು ಕೇರಿಯ ಗೆರೆ

ದೇವನೂರ ಮಹಾದೇವರ ‘ಒಡಲಾಳ’ವನ್ನು ಬಿ.ಎ. ತರಗತಿಗೆ ಪಾಠ ಮಾಡುತ್ತಿದ್ದೆ. ಗದಗ-ಬೆಟಗೇರಿಯ ಕಾಲೇಜು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ ಮುಂಜಾನೆ ಬಸ್ಸು ಹಿಡಿದು ಬರುವ ಮಕ್ಕಳೇ ಅಲ್ಲಿ ಹೆಚ್ಚು. ಸಾಕವ್ವನ ಮನೆಮಂದಿಯೆಲ್ಲ ಕೂತು, ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯಿಡೀ ತಿನ್ನುವ ಭಾಗ ಓದಿ ಮುಗಿಸಿದ್ದೆ. ನಮ್ಮ ಕಡೆ ಅದು ಶೇಂಗಾ. ಮುಂಡರಗಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಆ ಒಂದ ರಾತ್ರಿ ಅವರು ಬಡವರಲ್ಲ, ಹೌದಲ್ರಿ?”

ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಪುಟಕ್ಕೆ ಹೋದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಹುಡುಕುತ್ತಿದ್ದೇನೆ.

ಅವಳ ಪ್ರಶ್ನೆಯನ್ನು ನಮ್ಮ ಪ್ರಭುತ್ವವೂ ದಶಕಗಳಿಂದ ಕೇಳುತ್ತ ಬಂದಿದೆ. 1979ರಲ್ಲಿ ಯೋಜನಾ ಆಯೋಗದ ತಜ್ಞರ ತಂಡ ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಕ್ಯಾಲೊರಿ ಎಂದು ಗೆರೆ ಎಳೆಯಿತು. ನೂರು ಗ್ರಾಂ ಶೇಂಗಾ ಕಾಳಿನಲ್ಲಿ 550ರ ಆಸುಪಾಸು ಕ್ಯಾಲೊರಿ ಇರುತ್ತದೆ. ಅರ್ಧ ಕಿಲೊ ತಿಂದವರು ರೇಖೆ ದಾಟಿದ ಹಾಗೆ. ಬಳಕೆ ವೆಚ್ಚದ ಸಮೀಕ್ಷೆ ಮಾಡುವವರು ಕೊಂಡು ತಿಂದದ್ದನ್ನಷ್ಟೇ ಅಲ್ಲ, ಪುಕ್ಕಟೆ ಸಿಕ್ಕದ್ದಕ್ಕೂ ಬೆಲೆ ಕಟ್ಟಿ ಬರೆದುಕೊಳ್ಳುತ್ತಾರೆ. ಹಾಗಾಗಿ ಲೆಕ್ಕದ ಪ್ರಕಾರ ಆ ಹುಡುಗಿ ಹೇಳಿದ್ದು ಸರಿ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಮನೆಗೆ ಪೊಲೀಸರು ಶೋಧನೆಗೆ ಬರುತ್ತಾರೆ. ರೇಖೆಯ ಮೇಲೆ ನಿಜವಾಗಿ ಇರುವವರ ಮನೆಗೆ ಯಾರೂ ಹಾಗೆ ಶೇಂಗಾ ಹುಡುಕಿಕೊಂಡು ಹೋಗುವುದಿಲ್ಲ. ಸಾಕವ್ವನ ಮಕ್ಕಳ ಹೊಟ್ಟೆ ಒಂದು ರಾತ್ರಿ ರೇಖೆ ದಾಟಿತು. ಅವರ ಮನೆ ದಾಟಲಿಲ್ಲ. ಈ ವ್ಯತ್ಯಾಸವನ್ನು ಅಳೆಯುವ ಕೋಲು ನಮ್ಮಲ್ಲಿ ಇದೆಯೆ?

ಕೋಲುಗಳಿಗೇನೂ ಕೊರತೆಯಿಲ್ಲ. ತೆಂಡೂಲ್ಕರ್ ಸಮಿತಿ 2009ರಲ್ಲಿ ಕ್ಯಾಲೊರಿಯ ಅಳತೆಯನ್ನು ಬಿಟ್ಟಿತು. ಅದರ ವಿಧಾನದಲ್ಲಿ 2011-12ಕ್ಕೆ ಹಳ್ಳಿಯಲ್ಲಿ ತಿಂಗಳಿಗೆ ತಲಾ 816 ರೂಪಾಯಿ, ಪಟ್ಟಣದಲ್ಲಿ 1000 ರೂಪಾಯಿ ರೇಖೆಯಾಯಿತು. ಅಂದರೆ ಹಳ್ಳಿಯವನಿಗೆ ದಿನಕ್ಕೆ 27 ರೂಪಾಯಿ. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ 2014ರಲ್ಲಿ ರಂಗರಾಜನ್ ಸಮಿತಿ ಅದನ್ನು 972 ಮತ್ತು 1407ಕ್ಕೆ ಏರಿಸಿತು. 27 ಹೋಗಿ 32 ಆಯಿತು. ಆ ಐದು ರೂಪಾಯಿಯ ನಡುವೆ ಕೋಟಿಗಟ್ಟಲೆ ಜನ ಬಡವರಾದರು, ಅಲ್ಲಿಯವರೆಗೆ ಅವರು ಬಡವರಾಗಿರಲಿಲ್ಲ!

ಈಗ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಬಂದಿದೆ. ಇದು ಹಿಂದಿನದಕ್ಕಿಂತ ಎಷ್ಟೋ ಮೇಲು; ಅದನ್ನು ಒಪ್ಪದಿದ್ದರೆ ಅನ್ಯಾಯವಾದೀತು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ನೆಲೆಗಳಲ್ಲಿ ಹನ್ನೆರಡು ಪ್ರಶ್ನೆಗಳು. ಉರುವಲು ಯಾವುದು, ಪಾಯಖಾನೆ ಇದೆಯೆ, ನೀರು ಎಷ್ಟು ದೂರ, ನೆಲ ಮಣ್ಣಿನದೊ ಫರಸಿಯದೊ, ಬ್ಯಾಂಕಿನಲ್ಲಿ ಖಾತೆ ಇದೆಯೆ ಎಂದು ಕೇಳುತ್ತದೆ. 2015-16ರಲ್ಲಿ ದೇಶದ ಶೇ. 24.85ರಷ್ಟು ಜನ ಹೀಗೆ ಬಡವರಾಗಿದ್ದರು, 2019-21ರ ಹೊತ್ತಿಗೆ ಅದು ಶೇ. 14.96ಕ್ಕೆ ಇಳಿಯಿತು ಎಂದು 2023ರ ವರದಿ ಹೇಳಿತು.

ಈ ಹನ್ನೆರಡು ಪ್ರಶ್ನೆಗಳನ್ನು ಹಿಡಿದು ನಾನು ನನ್ನ ಮನೆಗೇ ಹೋದೆ. ಬೆಟಗೇರಿಯ ಬಾಡಿಗೆ ಮನೆ, ನಾನು ಮತ್ತು ನಮ್ಮವ್ವ. ಶಾಲೆಯ ಬಗೆಗಿನ ಒಂದು ಪ್ರಶ್ನೆ ಹೀಗಿದೆ: ಹತ್ತು ವರ್ಷ ದಾಟಿದ ಒಬ್ಬರಾದರೂ ಮನೆಯಲ್ಲಿ ಆರು ವರ್ಷದ ಶಾಲೆ ಮುಗಿಸಿದ್ದಾರೆಯೆ? ಒಬ್ಬರು ಸಾಕು. ನಾನು ಎಂ.ಎ. ಮುಗಿಸಿದ್ದೇನೆ. ಹಾಗಾಗಿ ಹೆಬ್ಬೆಟ್ಟು ಒತ್ತುವ ನಮ್ಮವ್ವನಿಗೂ ಶಿಕ್ಷಣದ ಅಭಾವ ಇಲ್ಲ! ನನ್ನ ಪದವಿ ಅವಳ ಹೆಬ್ಬೆಟ್ಟನ್ನು ಅಳಿಸಿಬಿಟ್ಟಿದೆ. ಆಸ್ತಿಯ ಪ್ರಶ್ನೆಗೆ ಒಂದು ಮೋಟಾರ್‌ಸೈಕಲ್ಲು, ಒಂದು ಫೋನು ಇದ್ದರೆ ಪಾಸು. ಎರಡೂ ಇವೆ. ಗಾಡಿಯ ಕಂತು ಇನ್ನೂ ಮುಗಿದಿಲ್ಲ. ಸಂಘದ ಸಾಲದ ವಾರದ ಕಂತು ಬೇರೆ. ಸಾಲ ಎಷ್ಟು ಎಂದು ಆ ಹನ್ನೆರಡರಲ್ಲಿ ಒಂದೂ ಕೇಳುವುದಿಲ್ಲ. ಸಣ್ಣ ಸಾಲದ ವಸೂಲಿಗಾರರ ಕಾಟ ತಡೆಯಲು 2025ರಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಷ್ಟು ದೊಡ್ಡ ಸಂಗತಿ ಲೆಕ್ಕದ ಹೊರಗಿದೆ. ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. “ಏನ ಐತಿ ಅಂತ ಕೇಳತಾರ, ಯಾರದ ಐತಿ ಅಂತ ಕೇಳಂಗಿಲ್ಲೇನ ತಮ್ಮಾ?” ಅಂದಳು.

ಮನೆಯ ಪ್ರಶ್ನೆಯೂ ಹಾಗೇ. ಗೋಡೆ, ಮಾಡು, ನೆಲ ಯಾವುದರಿಂದ ಕಟ್ಟಿದ್ದು ಎಂದು ಕೇಳುತ್ತದೆ. ಈ ಮನೆ ಸಿಗುವ ಮುಂಚೆ ನಾನು ಆರು ಮನೆ ನೋಡಿದ್ದೆ. ಎಲ್ಲವೂ ಸಿಮೆಂಟಿನವೇ. ಬಾಡಿಗೆ ಕೊಡುವ ತಾಕತ್ತೂ ಇತ್ತು. “ನೀವು ಯಾ ಪೈಕಿರಿ?” ಎಂಬ ಮಾತು ಬಂದ ಮೇಲೆ “ನಮ್ಮ ಮಗಳು ಬರೋರದಾಳ್ರಿ, ಮನಿ ಕೊಡಂಗಿಲ್ರಿ” ಎಂಬ ಮಾತು ಬರುತ್ತಿತ್ತು. ಇದು ಬಡತನವಲ್ಲ ಎನ್ನುವವರಿದ್ದಾರೆ. ಇದು ಸಾಮಾಜಿಕ ಸಮಸ್ಯೆ, ಅದು ಆರ್ಥಿಕ ಸಮಸ್ಯೆ ಎಂದು ಎರಡು ಕಪಾಟಿನಲ್ಲಿ ಇಡುತ್ತಾರೆ. ತಕರಾರು ಇರುವುದೇ ಈ ವಿಂಗಡಣೆಯ ಬಗ್ಗೆ.

ಯುರೋಪಿನವರು ‘ಭೌತಿಕ ಅಭಾವ’ವನ್ನು ಅಳೆಯಲು ಬೇರೊಂದು ದಾರಿ ಹಿಡಿದಿದ್ದಾರೆ. 1983ರಲ್ಲಿ ಬ್ರಿಟನ್ನಿನ ಮ್ಯಾಕ್ ಮತ್ತು ಲ್ಯಾನ್ಸ್ಲಿ ಎಂಬಿಬ್ಬರು ಬದುಕಿಗೆ ಏನೇನು ಬೇಕೇಬೇಕು ಎಂದು ಜನರನ್ನೇ ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ ಬೇಕು ಎಂದದ್ದು ಅಗತ್ಯದ ವಸ್ತು. ಇದೇ ಜಾಡಿನಲ್ಲಿ ಯುರೋಪಿನ ಒಕ್ಕೂಟ 2017ರಲ್ಲಿ ಒಪ್ಪಿಕೊಂಡ ಹದಿಮೂರು ಸಂಗತಿಗಳ ಪಟ್ಟಿಯಲ್ಲಿ ಎರಡು ಜೊತೆ ಪಾದರಕ್ಷೆ ಇವೆಯೆ ಎಂಬುದೂ ಒಂದು. ಇಲ್ಲ ಎಂದವನನ್ನು, ಬೇಡವೆಂದು ಇಟ್ಟುಕೊಂಡಿಲ್ಲವೊ ದುಡ್ಡಿಲ್ಲದೆ ಇಲ್ಲವೊ ಎಂದು ಕೇಳುತ್ತಾರೆ.

ಇದನ್ನು ಓದುವಾಗ ನನಗೆ ನಮ್ಮಜ್ಜ ನೆನಪಾದ. ಶಿರಹಟ್ಟಿ ಸೀಮೆಯ ಹಳ್ಳಿಯಲ್ಲಿ ಅವನು ಕೆರ ಹೊಲಿಯುತ್ತಿದ್ದ. ಊರಿನ ಕಾಲಿಗೆಲ್ಲ ಅವನದೇ ಕೆರ. ತನಗೂ ಒಂದು ಜೋಡು ಮಾಡಿಕೊಂಡಿದ್ದ. ಅಗಸಿ ಬಂದ ಕೂಡಲೇ ಅದು ಕಾಲಿನಿಂದ ಕೈಗೆ ಬರುತ್ತಿತ್ತು. ಕೆರ ಇದೆಯೆ? ಇದೆ. ದುಡ್ಡಿಲ್ಲದೆ ಬಿಟ್ಟದ್ದೊ? ಅಲ್ಲ. ಬೇಡವಾಗಿ ಬಿಟ್ಟದ್ದೊ? ಅದೂ ಅಲ್ಲ. ನಮ್ಮಜ್ಜನ ಉತ್ತರಕ್ಕೆ ಆ ನಮೂನೆಯಲ್ಲಿ ಜಾಗವಿಲ್ಲ. ಇನ್ನು ಬಹುಮತದಿಂದ ಅಗತ್ಯಗಳನ್ನು ನಿರ್ಧರಿಸುವ ಮಾತು. ನಮ್ಮ ಹಳ್ಳಿಗಳಲ್ಲಿ ಮತ ಹಾಕಿಸಿದರೆ, ಕೇರಿಯವರು ಕೆರ ಮೆಟ್ಟಿ ಅಗಸಿ ದಾಟುವುದು ಅಗತ್ಯ ಎಂದು ಎಷ್ಟು ಜನ ಹೇಳುತ್ತಿದ್ದರು?

ಅಂಬೇಡ್ಕರ್ ಇದನ್ನು ಬಹಳ ಮುಂಚೆಯೇ ಕಂಡಿದ್ದರು. ಮಹಾಡದ ಚವದಾರ ಕೆರೆ ದೂರವಿರಲಿಲ್ಲ, ಬತ್ತಿರಲಿಲ್ಲ. ಸಾರ್ವಜನಿಕ ಕೆರೆಗಳನ್ನು ಎಲ್ಲರಿಗೂ ತೆರೆಯಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ಗೊತ್ತುವಳಿ ಮಾಡಿತ್ತು. ಆದರೂ 1927ರಲ್ಲಿ ಆ ನೀರು ಮುಟ್ಟಲು ಸತ್ಯಾಗ್ರಹ ಬೇಕಾಯಿತು. ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಆ ಪ್ರಾಂತದ ಸ್ಟಾರ್ಟ್ ಸಮಿತಿಯಲ್ಲಿ ಅಂಬೇಡ್ಕರ್ ಸದಸ್ಯರಾಗಿದ್ದರು. ಶೋಷಿತರು ತಮ್ಮ ಹಕ್ಕು ಚಲಾಯಿಸಲು ಹೊರಟರೆ ಊರವರು ಹೊಲದಿಂದ ಬಿಡಿಸುತ್ತಾರೆ, ಕೂಲಿ ನಿಲ್ಲಿಸುತ್ತಾರೆ, ಬಹಿಷ್ಕಾರ ಹಾಕುತ್ತಾರೆ ಎಂಬುದನ್ನು 1930ರ ಅದರ ವರದಿ ದಾಖಲಿಸಿತು. ಅಂದರೆ ಬಡತನ ಇಲ್ಲಿ ಜಾತಿಯ ಫಲ ಮಾತ್ರವಲ್ಲ, ಜಾತಿಯ ಕೈಯಲ್ಲಿರುವ ಚಾಟಿ ಕೂಡ. ಹಾಗಿರುವಾಗ ಎರಡು ಕಪಾಟು ಎಲ್ಲಿಂದ ಬಂದವು?

ಇನ್ನೊಂದು ತೊಡಕು ಸರಾಸರಿಯದು. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಉತ್ತರ ಕರ್ನಾಟಕಕ್ಕೆ ಆದ ಅನ್ಯಾಯ ಅಂಕಿಗಳಲ್ಲಿ ಸಾಬೀತಾದದ್ದು ದೊಡ್ಡ ಸಂಗತಿಯೇ. ಆದರೆ ತಾಲೂಕು ಹಿಂದುಳಿದಿದೆ ಎಂದಾಗ ಗೌಡನೂ ಹಿಂದುಳಿದ, ಅವನ ಹೊಲದ ಆಳೂ ಹಿಂದುಳಿದ. ತುಂಗಭದ್ರೆಯ ನೀರು ಏತದಿಂದ ಮೇಲೆ ಬಂದು ಹೊಲಕ್ಕೆ ಹರಿದರೆ ತಾಲೂಕಿನ ಅಂಕಿ ಮೇಲೇರುತ್ತದೆ. ಹೊಲವೇ ಇಲ್ಲದವನು, ತಾಂಡಾದಿಂದ, ಕೇರಿಯಿಂದ ಗೋವಾಕ್ಕೆ ಮಂಗಳೂರಿಗೆ ದುಡಿಯಲು ಹೋಗುವವನು ಅದೇ ಅಂಕಿಯೊಳಗೆ ಕಾಣೆಯಾಗುತ್ತಾನೆ.

ಹಾಗಾದರೆ ಎಣಿಕೆಯೇ ಬೇಡವೆ? ಖಂಡಿತ ಬೇಕು. ಎಣಿಕೆ ಬೇಡ ಎನ್ನುವ ಐಷಾರಾಮ ನಮಗಿಲ್ಲ. ಅಂಬೇಡ್ಕರ್ ಅರ್ಥಶಾಸ್ತ್ರಜ್ಞರಾಗಿದ್ದರು, ಅಂಕಿಗಳ ಮೇಲೆ ನಿಂತು ವಾದಿಸಿದವರು. ಒಳಮೀಸಲಾತಿಯ ಕೂಗಿಗೆ 2005ರ ಸದಾಶಿವ ಆಯೋಗದಿಂದ 2025ರ ನಾಗಮೋಹನ ದಾಸ್ ಆಯೋಗದವರೆಗೆ ಅಡ್ಡ ಬಂದದ್ದು ‘ದತ್ತಾಂಶ ಎಲ್ಲಿ’ ಎಂಬ ಪ್ರಶ್ನೆಯೇ. ಅದನ್ನು ಮನೆಮನೆ ಸಮೀಕ್ಷೆಯೇ ಎದುರಿಸಬೇಕಾಯಿತು. 2021ರ ಜಾಗತಿಕ ಬಡತನ ಸೂಚ್ಯಂಕ ಜಾತಿವಾರು ಲೆಕ್ಕ ತೆಗೆದದ್ದರಿಂದಲೇ ಪರಿಶಿಷ್ಟ ಜಾತಿಯವರಲ್ಲಿ ಶೇ. 33.3, ಮೀಸಲಾತಿಯ ಹೊರಗಿನವರಲ್ಲಿ ಶೇ. 15.6 ಬಡವರು ಎಂದು ತಿಳಿಯಿತು. ಎಣಿಸದಿದ್ದರೆ ನಾವು ಇರುವುದೇ ಇಲ್ಲ. ಆದರೆ ಪ್ರಶ್ನೆಗಳನ್ನು ಬರೆಯುವವರು ಯಾರು ಎಂದು ಕೇಳುವುದು ನಮ್ಮ ಕೆಲಸ.

ಈ ಕೆಲಸ ಸಾಹಿತ್ಯ ವಿಮರ್ಶೆಯದೂ ಹೌದು. ನಮ್ಮ ವಿಮರ್ಶೆಯೂ ಒಂದು ಬಡತನ ರೇಖೆಯನ್ನು ಇಟ್ಟುಕೊಂಡಿದೆ. ಹಸಿವು ಎಷ್ಟಿದೆ ಎಂದು ನೋಡಿ ದಲಿತ ಕೃತಿಯ ‘ಅಧಿಕೃತತೆ’ಯನ್ನು ತೂಗುವುದು ರೂಢಿಯಾಗಿದೆ. ಹೊಟ್ಟೆ ತುಂಬಿದ ದಲಿತ ಪಾತ್ರ ಬಂದರೆ ಇದು ಮಧ್ಯಮವರ್ಗದ ಬರಹ ಎನ್ನುತ್ತಾರೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಹೆಸರಿನಲ್ಲೇ ಈ ರೇಖೆಗೆ ಉತ್ತರವಿದೆ: ಓದಿ ನೌಕರಿ ಹಿಡಿದವನಿಗೂ ಒಂದು ಚುಚ್ಚುಮಾತಿನ ಹೆಸರು ಕಾದಿರುತ್ತದೆ. ಹಸಿವನ್ನು ಮೆಚ್ಚುವ ವಿಮರ್ಶಕ, ಫರಸಿ ನೆಲ ಎಣಿಸುವ ಅಧಿಕಾರಿ ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಏನಿಲ್ಲ ಎಂದು ನೋಡುತ್ತಾರೆ, ಇದ್ದದ್ದನ್ನು ಬಳಸಲು ಯಾರು ಬಿಡುವುದಿಲ್ಲ ಎಂದು ನೋಡುವುದಿಲ್ಲ.

ಮುಂದಿನ ವಾರ ತರಗತಿಯಲ್ಲಿ ಒಂದೊಂದು ಹಾಳೆ ಕೊಟ್ಟು, ನಿಮ್ಮೂರಿನ ಬಡತನ ಅಳೆಯಲು ನೀವು ಏನು ಕೇಳುತ್ತೀರಿ, ಹೆಸರು ಹಾಕದೆ ಬರೆಯಿರಿ ಎಂದೆ. ಹಾಳೆಗಳು ಬಂದವು. ನಿಮ್ಮವರು ಸತ್ತರೆ ಹೂಳಲು ಜಾಗ ಐತೇನು? ಹೋಟೆಲಿನ್ಯಾಗ ಕಪ್ಪು ತೊಳೆದಿಡ್ತೀರೇನು? ಸಾಲ ಯಾರ ಹೆಸರಲ್ಲಿ ಐತಿ? ಅಪ್ಪ ವರ್ಷದಾಗ ಎಷ್ಟು ತಿಂಗಳ ಮನ್ಯಾಗ ಇರತಾನ? ಶಾಲಿ ಬಿಡಿಸಿದ್ದು ಅಣ್ಣನ್ನೊ ತಂಗೀನೊ? ಒಂದು ಹಾಳೆಯಲ್ಲಿ ಒಂದೇ ಸಾಲಿತ್ತು: ಏನರೆ ಕಳುವಾದರ ಮೊದಲ ಯಾರ ಮನಿಗೆ ಬರತಾರ?

ಅಕ್ಷರ ಯಾರದೆಂದು ನನಗೆ ಗೊತ್ತಾಯಿತು. ನಾನು ಕೊಡಬೇಕಾಗಿದ್ದ ಉತ್ತರವನ್ನು ಅವಳೇ ಬರೆದಿದ್ದಳು. ಆ ಹಾಳೆಗಳು ನನ್ನ ಬಳಿ ಇವೆ. ಮುಂದಿನ ಸಮೀಕ್ಷೆಗೆ ಪ್ರಶ್ನಾವಳಿ ತಯಾರಿಸಲು ಕೂತವರು ಯಾರಾದರೂ ಕೇಳಿದರೆ ಕೊಡುತ್ತೇನೆ. ಅವರು ಕೇಳದಿದ್ದರೆ, ನಾವೇ ನಮ್ಮ ಕೇರಿಗಳಲ್ಲಿ ಹಿಡಿದುಕೊಂಡು ತಿರುಗಬೇಕು.