ಸ್ಟೆಲ್ಲಾರಿಸ್‌ನಲ್ಲಿ ಸಾಮಂತರ ಸಾಮ್ರಾಜ್ಯ: ರಸಿಕರಿಗೊಂದು ಕೈಪಿಡಿ

ಸ್ಟೆಲ್ಲಾರಿಸ್ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಹೊರತಂದ ಬಾಹ್ಯಾಕಾಶ ತಂತ್ರಗಾರಿಕೆಯ ಗೇಮ್. ಆಟದ ಕಾಲ 2200ನೇ ಇಸವಿಯಿಂದ ಶುರು. ಆಟಗಾರನ ಕೈಗೆ ಸಿಗುವುದು ಒಂದು ಗ್ರಹ ಮತ್ತು ನಕ್ಷತ್ರಗಳ ನಡುವೆ ಓಡಾಡಲು ಆಗಷ್ಟೇ ಕಲಿತ ಒಂದು ಜನಾಂಗ. ಇದನ್ನು ಗೆಲ್ಲುವುದಕ್ಕಾಗಿಯೇ ಆಡುವವರಿದ್ದಾರೆ. ಪಾತ್ರವನ್ನು ಬಾಳುವುದಕ್ಕಾಗಿ ಆಡುವವರೂ ಇದ್ದಾರೆ. ಇದಕ್ಕೆ ರೋಲ್‌ಪ್ಲೇ ಎನ್ನುತ್ತಾರೆ. ಯಾವ ನಡೆಯಿಂದ ಲಾಭ ಎಂಬ ಲೆಕ್ಕ ಇಲ್ಲಿ ಹಿಂದೆ ಸರಿಯುತ್ತದೆ. ತಾನು ಕಟ್ಟಿದ ಸಾಮ್ರಾಜ್ಯದ ಸ್ವಭಾವಕ್ಕೆ ಯಾವ ನಡೆ ಒಪ್ಪುತ್ತದೆ ಎಂಬುದು ಮುಂದೆ ಬರುತ್ತದೆ. ಒಳಗೆ ಊಳಿಗಮಾನ್ಯ ಪದ್ಧತಿ, ಹೊರಗಿನ ಜೀವಿಗಳಿಗೆ ಮಾತ್ರ ತೆರೆದ ಬಾಗಿಲು: ಇಂಥ ಸಾಮ್ರಾಜ್ಯದಷ್ಟು ರಸವತ್ತಾದ ಪಾತ್ರ ಈ ಗೇಮಿನಲ್ಲಿ ಅಪರೂಪ.

ಪಾತ್ರ ಹುಟ್ಟುವುದು ಮೌಲ್ಯಗಳ ಆಯ್ಕೆಯಲ್ಲಿ. ಅದಕ್ಕೆ ಸಿಗುವುದು 3 ಅಂಕ. ತೀವ್ರ ನಿಲುವಿಗೆ 2 ಖರ್ಚು, ಸಾಧಾರಣ ನಿಲುವಿಗೆ 1. ಅನ್ಯಜೀವಿ ಪ್ರೀತಿ, ಅಧಿಕಾರಶಾಹಿ, ಧಾರ್ಮಿಕತೆ ಮೂರನ್ನೂ ಒಂದೊಂದು ಅಂಕಕ್ಕೆ ಕೊಳ್ಳುವುದು ಈ ಪಾತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಸಮತಾವಾದವನ್ನು ಆರಿಸಿಕೊಂಡವರಿಗೆ ವಂಶಪಾರಂಪರ್ಯ ರಾಜತ್ವ ಸಿಗುವುದಿಲ್ಲ. ಆ ರಾಜತ್ವವಿಲ್ಲದೆ, ಊಳಿಗಮಾನ್ಯ ಪದ್ಧತಿಯನ್ನು ತರುವ ಫ್ಯೂಡಲ್ ಸೊಸೈಟಿ ಎಂಬ ಆಡಳಿತ ಲಕ್ಷಣವೂ ಇಲ್ಲ.

ಪಾತ್ರದ ಒಳಗುದಿಯನ್ನು ಕಾಣಬೇಕಾದರೆ ಜನಾಂಗಗಳ ಹಕ್ಕುಗಳ ಪರದೆಯನ್ನು ತೆರೆಯಬೇಕು. ವಲಸೆ ಬಂದ ಜನಾಂಗಕ್ಕೆ ಅಲ್ಲಿ ಪೂರ್ಣ ಪೌರತ್ವ ಕೊಡಬಹುದು. ಅವರಲ್ಲೊಬ್ಬ ರಾಜ್ಯಪಾಲನೂ ಆಗಬಹುದು, ಸೇನಾಪತಿಯೂ ಆಗಬಹುದು. ಅದೇ ಪರದೆಯಲ್ಲಿ ಜೀವನಮಟ್ಟವನ್ನು ಶ್ರೇಣೀಕೃತ ವ್ಯವಸ್ಥೆಗೆ ಇಟ್ಟರೆ ಆಳುವ ವರ್ಗ ಸುಖವಾಗಿರುತ್ತದೆ, ದುಡಿಯುವ ವರ್ಗ ಅರೆಹೊಟ್ಟೆಯಲ್ಲಿರುತ್ತದೆ. ಎಂಟು ಕಾಲಿನವನೋ ರೆಕ್ಕೆಯವನೋ ಎಂದು ಯಾರೂ ಕೇಳದ ನಾಡು, ಯಾವ ಅಂತಸ್ತಿನವನು ಎಂದು ಮಾತ್ರ ತಪ್ಪದೆ ಕೇಳುತ್ತದೆ. ಔದಾರ್ಯವೂ ಅನ್ಯಾಯವೂ ಒಂದೇ ಸಿಂಹಾಸನದಲ್ಲಿ ಕೂತಿರುವ ಈ ಸ್ಥಿತಿಯನ್ನು ಸರಿಪಡಿಸಲು ಹೋಗದೆ ಅದರ ಜೊತೆಗೇ ಆಡುವವನು ನಿಜವಾದ ರಸಿಕ.

ಆಟದ ತಿರುಳು ಸಾಮಂತರಲ್ಲಿದೆ. 2022ರ ಮೇ ತಿಂಗಳಲ್ಲಿ ಬಂದ ಓವರ್‌ಲಾರ್ಡ್ ವಿಸ್ತರಣೆಯ ಹೊತ್ತಿಗೆ ಸಾಮಂತ ಸಂಬಂಧ ಕರಾರಿನ ರೂಪ ಪಡೆಯಿತು. ಕಪ್ಪ ಎಷ್ಟು, ದೊರೆಯ ಯುದ್ಧಕ್ಕೆ ಬರಬೇಕೋ ಬೇಡವೋ, ಹೊಸ ಪ್ರದೇಶ ಹಿಡಿಯಲು ಅನುಮತಿ ಉಂಟೋ ಇಲ್ಲವೋ, ಎಲ್ಲವನ್ನೂ ಚೌಕಾಸಿ ಮಾಡಿ ಗೊತ್ತುಪಡಿಸಬೇಕು. ಗಡಿ ಕಾಯುವ ಬುಲ್ವಾರ್ಕ್, ಸಂಪನ್ಮೂಲ ಒದಗಿಸುವ ಪ್ರಾಸ್ಪೆಕ್ಟೋರಿಯಂ, ವಿದ್ಯೆಗೆ ಮೀಸಲಾದ ಸ್ಕಾಲೇರಿಯಂ ಎಂಬ ವಿಶೇಷ ಸಾಮಂತರೂ ಬಂದರು. ಕಪ್ಪ ಏರಿಸಿದರೆ ನಿಷ್ಠೆ ಇಳಿಯುತ್ತದೆ. ಸಾಮಂತರ ಸಂಖ್ಯೆ ಬೆಳೆದಷ್ಟೂ ಪ್ರತಿಯೊಬ್ಬನ ನಿಷ್ಠೆ ಕುಗ್ಗುತ್ತದೆ. ಅತೃಪ್ತ ಸಾಮಂತ ಇನ್ನೊಬ್ಬ ದೊರೆಗೆ ಗುಟ್ಟಾಗಿ ಸ್ವಾಮಿನಿಷ್ಠೆ ಒಪ್ಪಿಸಿರಲೂ ಸಾಕು. ಅನ್ಯಜೀವಿಗಳನ್ನು ಪ್ರೀತಿಸುವ ದೊರೆ ಇಲ್ಲಿ ದಂಡಿಗಿಂತ ಮೊದಲು ಕರಾರನ್ನು ಸಡಿಲಿಸುತ್ತಾನೆ, ಬೊಕ್ಕಸ ಬರಿದಾದರೂ ಸರಿ.

ಬಾಹ್ಯಾಕಾಶಕ್ಕೆ ಇನ್ನೂ ಕಾಲಿಡದ ಜನಾಂಗಗಳೊಂದಿಗಿನ ವ್ಯವಹಾರವೂ ಸೊಗಸು. ಅವರ ಗ್ರಹದ ಮೇಲೆ ವೀಕ್ಷಣಾ ಕೇಂದ್ರ ಕಟ್ಟಿ, ವರ್ಷಗಟ್ಟಲೆ ಅವರಿಗೆ ವಿದ್ಯೆ ಕಲಿಸಿದರೆ, ಕೊನೆಗೆ ಆ ಜನಾಂಗ ಸಂರಕ್ಷಿತ ರಾಜ್ಯವಾಗಿ ಸಾಮ್ರಾಜ್ಯದ ನೆರಳಿಗೆ ಬರುತ್ತದೆ. ದಂಡೆತ್ತಿ ಹೋದರೆ ಆ ಗ್ರಹ ಬೇಗ ಕೈವಶವಾದೀತು, ಆದರೆ ಈ ಪಾತ್ರಕ್ಕೆ ಅದು ಸಲ್ಲದು.

ಸಿಂಹಾಸನದ ಮೇಲಿರುವವನು ಸಾಯುವವರೆಗೂ ಆಳುತ್ತಾನೆ, ಆಮೇಲೆ ಉತ್ತರಾಧಿಕಾರಿ. ಅವನ ಗುಣಗಳು ಕಳಪೆಯಾಗಿದ್ದರೂ ಅವನನ್ನೇ ದೊರೆಯೆಂದು ಒಪ್ಪಿ, ಆ ಆಳ್ವಿಕೆಯನ್ನು ಅವನ ಗುಣಕ್ಕೆ ತಕ್ಕಂತೆ ನಡೆಸುವುದು ರೋಲ್‌ಪ್ಲೇಯ ಮರ್ಯಾದೆ.

ಹೊಸಬರು ಐರನ್‌ಮ್ಯಾನ್ ವಿಧಾನದಲ್ಲಿ ಆಡುವುದು ಒಳ್ಳೆಯದು. ಅದರಲ್ಲಿ ಹಳೆಯ ಸೇವ್‌ಗೆ ಮರಳುವ ದಾರಿಯಿಲ್ಲ. ಸಾಮಂತ ತಿರುಗಿಬಿದ್ದರೆ ಅದನ್ನು ಎದುರಿಸಲೇಬೇಕು. ಓವರ್‌ಲಾರ್ಡ್ ಅನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಈ ಪಾತ್ರವನ್ನು ಮನಸಾರೆ ಆಡಬಯಸುವವರು ಉಳಿದ ವಿಸ್ತರಣೆಗಳಿಗಿಂತ ಮೊದಲು ಅದನ್ನೇ ಕೊಳ್ಳಲಿ.